ದೀಪದ ಲೆಕ್ಕ

ತಿಂಗಳಿಗೊಮ್ಮೆ ಬೆಸ್ಕಾಂನವರು ಬಂದು ಮೀಟರು ಓದಿ, ಕೈಯಲ್ಲಿನ ಯಂತ್ರದಿಂದ ಒಂದು ಉದ್ದನೆಯ ಚೀಟಿಯನ್ನು ಹರಿದು ಕೊಟ್ಟು ಹೋಗುತ್ತಾರೆ. ಹಿಂದಿನ ಅಂಕಿ, ಈಗಿನ ಅಂಕಿ, ಎರಡರ ವ್ಯತ್ಯಾಸ, ದರ, ತೆರಿಗೆ ಎಲ್ಲವೂ ಅದರಲ್ಲಿ ಇರುತ್ತದೆ. ಈ ಯೂನಿಟ್ಟುಗಳನ್ನು ತಿಂದದ್ದು ಯಾವುದು ಎಂಬ ಮಾತು ಮಾತ್ರ ಇರುವುದಿಲ್ಲ. ದೀಪವೋ, ಫ್ಯಾನೋ, ನೀರು ಕಾಯಿಸುವ ಗೀಸರೋ, ಮೇಲಿನ ತೊಟ್ಟಿಗೆ ನೀರೆತ್ತುವ ಪಂಪೋ, ಚೀಟಿ ಹೇಳುವುದಿಲ್ಲ. ಹೇಳದೆ ಇರುವುದರಿಂದ ಅಪವಾದವೆಲ್ಲ ದೀಪದ ತಲೆಯ ಮೇಲೆ ಬೀಳುತ್ತದೆ, ಏಕೆಂದರೆ ಎಲ್ಲರ ಕಣ್ಣಿಗೆ ಕಾಣುವಂತೆ ಉರಿಯುವುದು ಅದೊಂದೇ. ದಿನಕ್ಕೆ ಹತ್ತು ಸಲ "ದೀಪ ಆರಿಸು" ಎಂದು ಕೂಗುವ ಮನೆಯಲ್ಲಿ "ಗೀಸರು ಆರಿಸು" ಎಂಬ ಕೂಗು ಎರಡು ಸಲ ಕೇಳಿದರೆ ಹೆಚ್ಚು.

ಹಿಂದೆ ಈ ತೊಡಕು ಇಷ್ಟಿರಲಿಲ್ಲ. ಬೆಂಗಳೂರಿನ ಹಳೆಯ ಮನೆಗಳಲ್ಲಿ ದೀಪಕ್ಕೊಂದು ಮೀಟರು, ಕಾಯಿಸುವ ಸಾಧನಗಳಿಗೆ ಇನ್ನೊಂದು ಮೀಟರು ಇರುತ್ತಿದ್ದುದನ್ನು ಹಿರಿಯರು ಬಲ್ಲರು. ಎರಡಕ್ಕೂ ಬೇರೆ ಬೇರೆ ದರ. ದೀಪದ ಖರ್ಚು ತಾನಾಗಿ ಬೇರೆಯಾಗಿ ನಿಲ್ಲುತ್ತಿತ್ತು. ಈಗ ಎಲ್ಲವೂ ಒಂದೇ ಮೀಟರಿನ ಮೂಲಕ ಹರಿಯುತ್ತದೆ. ದೀಪದ ಪಾಲು ಎಷ್ಟೆಂದು ತಿಳಿಯಬೇಕಾದರೆ ನಾವೇ ಲೆಕ್ಕ ಹಾಕಿಕೊಳ್ಳಬೇಕು. ಇದಕ್ಕೆ ಬೇಕಾದದ್ದು ಗುಣಾಕಾರವೊಂದೇ. ಅದೂ ಪ್ರಾಥಮಿಕ ಶಾಲೆಯಲ್ಲಿ ಕಲಿತಷ್ಟು.

ಉದಾಹರಣೆಗೆ ಸುದ್ದಗುಂಟೆಪಾಳ್ಯವನ್ನು ತೆಗೆದುಕೊಳ್ಳೋಣ. ಹೊಸೂರು ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ, ಡೈರಿ ವೃತ್ತದ ಸಮೀಪದಲ್ಲಿ, ಕ್ರೈಸ್ಟ್ ವಿಶ್ವವಿದ್ಯಾಲಯದ ಪಕ್ಕಕ್ಕಿರುವ ಬಡಾವಣೆ ಇದು. ಗೋಡೆಗೆ ಗೋಡೆ ತಾಗಿದ ಮನೆಗಳು, ಮನೆಯ ಮೇಲೆ ಮನೆ, ಕೆಳಗೆ ಅಂಗಡಿ, ನಡುವೆ ಬಾಡಿಗೆದಾರರು, ಮೇಲಂತಸ್ತಿನಲ್ಲಿ ಕಾಲೇಜಿನ ಹುಡುಗರು. ಕೆಳಮನೆಯ ಅಡಿಗೆಮನೆಯಲ್ಲಿ ಹಗಲು ಹನ್ನೆರಡು ಗಂಟೆಗೂ ದೀಪ ಬೇಕು. ದೀಪದ ಲೆಕ್ಕ ಬೆಂಗಳೂರಿನ ಬೇರೆ ಎಲ್ಲಕ್ಕಿಂತ ಇಂಥ ಕಡೆಯೇ ಹೆಚ್ಚು ಅಗತ್ಯ. ಹೇಗೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು: ವಾಟು ಮತ್ತು ಯೂನಿಟ್ಟು. ನಲ್ಲಿಯಿಂದ ನೀರು ಎಷ್ಟು ರಭಸವಾಗಿ ಬೀಳುತ್ತದೆ ಎಂಬುದು ಒಂದು ಮಾತು, ಕೊಡಪಾನದಲ್ಲಿ ಎಷ್ಟು ನೀರು ತುಂಬಿತು ಎಂಬುದು ಇನ್ನೊಂದು ಮಾತು. ವಾಟೆಂಬುದು ನಲ್ಲಿಯ ರಭಸ, ಯೂನಿಟ್ಟೆಂಬುದು ಕೊಡಪಾನದ ನೀರು. ಸಣ್ಣಗೆ ಸುರಿಯುವ ನಲ್ಲಿಯೂ ರಾತ್ರಿಯೆಲ್ಲ ಬಿಟ್ಟರೆ ಹಂಡೆಯನ್ನು ತುಂಬುತ್ತದೆ. ಭರದಿಂದ ಸುರಿಯುವ ನಲ್ಲಿಯನ್ನು ಅರೆಕ್ಷಣದಲ್ಲಿ ನಿಲ್ಲಿಸಿದರೆ ಚೊಂಬು ತುಂಬುವುದಿಲ್ಲ. ಸಾವಿರ ವಾಟು ಒಂದು ಗಂಟೆಯ ಕಾಲ ಖರ್ಚಾದರೆ ಅದು ಒಂದು ಯೂನಿಟ್ಟು. ನೂರು ವಾಟಿನ ದೀಪವಾದರೆ ಹತ್ತು ಗಂಟೆ, ಒಂಬತ್ತು ವಾಟಿನ ದೀಪವಾದರೆ ಸುಮಾರು 111 ಗಂಟೆ ಉರಿದಾಗ ಒಂದು ಯೂನಿಟ್ಟು ಆಗುತ್ತದೆ.

ಒಂದು ಯೂನಿಟ್ಟು ಎಂದರೆ ಎಷ್ಟು ದೊಡ್ಡದು ಎಂದು ಮನಸ್ಸಿಗೆ ಬರಬೇಕಾದರೆ ಶಿವನಸಮುದ್ರವನ್ನು ನೆನೆಯಿರಿ. ಕಾವೇರಿಯ ನೀರನ್ನು ಅಲ್ಲಿ ಸುಮಾರು 400 ಅಡಿ ಎತ್ತರದಿಂದ ಕೊಳವೆಗಳಲ್ಲಿ ಇಳಿಸಿ ಯಂತ್ರ ತಿರುಗಿಸುತ್ತಾರೆ. 1902ರಲ್ಲಿ ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್ 5ರಂದು ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಸಾವಿರ ಲೀಟರು ನೀರು 400 ಅಡಿ ಇಳಿದರೆ, ಒಂದಿಷ್ಟೂ ಸೋರಿಹೋಗದು ಎಂದಿಟ್ಟುಕೊಂಡರೂ, ಯೂನಿಟ್ಟಿನ ಮೂರನೆಯ ಒಂದು ಪಾಲು ಮಾತ್ರ ಹುಟ್ಟುತ್ತದೆ. ಎಂದರೆ ಯೂನಿಟ್ಟೊಂದಕ್ಕೆ ಮೂರು ಸಾವಿರ ಲೀಟರು. ಯಂತ್ರದಲ್ಲಿ, ತಂತಿಯಲ್ಲಿ ಆಗುವ ನಷ್ಟ ಸೇರಿದರೆ ಇನ್ನೂ ಹೆಚ್ಚು. ಹಳೆಯ 60 ವಾಟಿನ ಬಲ್ಬನ್ನು ದಿನಕ್ಕೆ ಐದು ಗಂಟೆಯಂತೆ ತಿಂಗಳು ಉರಿಸಿದರೆ 9 ಯೂನಿಟ್ಟು. ಕಾವೇರಿಯ ಲೆಕ್ಕದಲ್ಲಿ 27 ಸಾವಿರ ಲೀಟರು. ಈಗ ನಮ್ಮ ಮನೆಗೆ ಬರುವ ವಿದ್ಯುತ್ತು ನೀರಿನದೊಂದೇ ಅಲ್ಲ, ಕಲ್ಲಿದ್ದಲು, ಗಾಳಿ, ಬಿಸಿಲು ಎಲ್ಲದರದೂ ಬೆರೆತು ಬರುತ್ತದೆ. ಆದರೂ ನೀರಿನ ಟ್ಯಾಂಕರಿಗಾಗಿ ಕಾದು ನಿಂತು ಬಲ್ಲ ನಗರದವರಿಗೆ ಈ ಹೋಲಿಕೆ ಬೇಗ ತಟ್ಟುತ್ತದೆ.

ಹಾಗಾದರೆ ಲೆಕ್ಕ ಇಷ್ಟು: ವಾಟನ್ನು ಗಂಟೆಗಳಿಂದ ಗುಣಿಸಿ, ಸಾವಿರದಿಂದ ಭಾಗಿಸಿ, ಬಂದದ್ದನ್ನು ದರದಿಂದ ಗುಣಿಸಿ. ಬೇಕಾದದ್ದು ಮೂರು ಅಂಕಿಗಳು. ವಾಟು ದೀಪದ ಮೇಲೆ ಅಚ್ಚಾಗಿರುತ್ತದೆ, ದರ ಚೀಟಿಯಲ್ಲಿರುತ್ತದೆ. ಗಂಟೆ ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ, ಮತ್ತು ಲೆಕ್ಕ ತಪ್ಪುವುದೆಲ್ಲ ಅಲ್ಲಿಯೇ.

ವಾಟಿನ ವಿಷಯದಲ್ಲಿ ಎರಡು ಎಚ್ಚರಿಕೆ ಸಾಕು. ಮೊದಲನೆಯದು ಟ್ಯೂಬ್‌ಲೈಟಿಗೆ ಸಂಬಂಧಿಸಿದ್ದು. ಹಳೆಯ ದಪ್ಪ ಕೊಳವೆಯ ಮೇಲೆ 40 ವಾಟು ಎಂದಿರುತ್ತದೆ. ಆದರೆ ಪಟ್ಟಿಯೊಳಗೆ ಅಡಗಿ ಕುಳಿತ ತಾಮ್ರದ ಚೋಕು ತನ್ನ ಪಾಲಿಗೆ ಹನ್ನೆರಡು-ಹದಿನೈದು ವಾಟನ್ನು ಬೇರೆಯಾಗಿ ತಿನ್ನುತ್ತದೆ. ಆ ಚೋಕನ್ನು ಮುಟ್ಟಿದರೆ ಬಿಸಿಯಾಗಿರುವುದು ಇದೇ ಕಾರಣಕ್ಕೆ. ಹಾಗಾಗಿ ಹಳೆಯ ಟ್ಯೂಬ್‌ಲೈಟಿಗೆ 55 ವಾಟು ಎಂದೇ ಹಿಡಿಯಬೇಕು. ಎಲ್.ಇ.ಡಿ. ಪಟ್ಟಿದೀಪದಲ್ಲಿ ಈ ಬಗೆಯ ಗುಟ್ಟಿಲ್ಲ. ಅಚ್ಚಾದ ವಾಟಿನಲ್ಲಿ ಒಳಗಿನ ಸಾಧನದ್ದೂ ಸೇರಿರುತ್ತದೆ.

ಎರಡನೆಯದು, ವಾಟು ಬೆಳಕಿನ ಅಳತೆಯಲ್ಲ. ಅದು ಖರ್ಚಿನ ಅಳತೆ. ಬೆಳಕನ್ನು ಅಳೆಯುವುದು ಲ್ಯೂಮೆನ್ ಎಂಬ ಮಾನದಿಂದ, ಅದೂ ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. 60 ವಾಟಿನ ಹಳೆಯ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. 9 ವಾಟಿನ ಎಲ್.ಇ.ಡಿ. ಬಲ್ಬು 800ರಿಂದ 900 ಲ್ಯೂಮೆನ್ ಕೊಡುತ್ತದೆ. ಹಳೆಯ ಬಲ್ಬಿನ ಒಳಗಿನ ತಂತಿ ಕಾದು ಕೆಂಪೇರಿ ಬೆಳಗುತ್ತಿತ್ತು. ಅದು ತಿಂದ ವಿದ್ಯುತ್ತಿನಲ್ಲಿ ನೂರರಲ್ಲಿ ಐದು ಪಾಲಿನಷ್ಟು ಬೆಳಕಾದರೆ ಉಳಿದದ್ದೆಲ್ಲ ಶಾಖ. ಅದನ್ನು ದೀಪವೆನ್ನುವುದಕ್ಕಿಂತ ಸ್ವಲ್ಪ ಬೆಳಕು ಕೊಡುವ ಒಲೆ ಎನ್ನುವುದೇ ಸರಿ. ನಮ್ಮ ರಾಜ್ಯದಲ್ಲಿ 2015ರ ಕೊನೆಯಲ್ಲಿ "ಹೊಸ ಬೆಳಕು" ಎಂಬ ಯೋಜನೆಯಲ್ಲಿ 9 ವಾಟಿನ ಬಲ್ಬುಗಳನ್ನು ಅಗ್ಗವಾಗಿ ಹಂಚಿದ್ದು ನಿಮಗೆ ನೆನಪಿರಬಹುದು. ಅಂದು ತಂದ ಬಲ್ಬು ಎಷ್ಟೋ ಮನೆಗಳಲ್ಲಿ ಇನ್ನೂ ಉರಿಯುತ್ತಿದೆ.

ಈಗ ಗಂಟೆಯ ವಿಚಾರ. "ನಿಮ್ಮ ನಡುಮನೆಯ ದೀಪ ದಿನಕ್ಕೆ ಎಷ್ಟು ಹೊತ್ತು ಉರಿಯುತ್ತದೆ?" ಎಂದು ಯಾರನ್ನು ಕೇಳಿದರೂ "ಸಂಜೆ ಹಾಕಿ ಮಲಗುವಾಗ ಆರಿಸುತ್ತೇವೆ, ನಾಲ್ಕೈದು ಗಂಟೆ" ಎಂಬ ಉತ್ತರ ಬರುತ್ತದೆ. ಬೆಳಗಿನ ಜಾವ ಮಕ್ಕಳು ಓದಲು ಕುಳಿತಾಗ ಹಾಕಿದ್ದು, ಮಳೆಗಾಲದ ಮಧ್ಯಾಹ್ನ ಹಾಕಿದ್ದು, ನೆಂಟರು ಬಂದಾಗ ಹಾಕಿದ್ದು ಯಾವುದೂ ಆ ಉತ್ತರದಲ್ಲಿ ಇರುವುದಿಲ್ಲ. ಮನುಷ್ಯನಿಗೆ ದೀಪ ಹಾಕಿದ್ದು ನೆನಪಿರುತ್ತದೆ, ಉರಿಯುತ್ತಲೇ ಇದ್ದುದು ನೆನಪಿರುವುದಿಲ್ಲ. ಇದಕ್ಕೆ ಉಪಾಯವೆಂದರೆ ಸ್ವಿಚ್ಚಿನ ಪಕ್ಕದಲ್ಲಿ ಒಂದು ತುಂಡು ಕಾಗದ ಅಂಟಿಸಿ, ಒಂದು ವಾರ ಹಾಕಿದ ಹೊತ್ತನ್ನೂ ಆರಿಸಿದ ಹೊತ್ತನ್ನೂ ಬರೆಯುವುದು. ವಾರದಲ್ಲಿ ಒಂದು ಭಾನುವಾರವಾದರೂ ಸೇರಿರಲಿ. ಮನೆಯಲ್ಲಿ ಹತ್ತು-ಹನ್ನೆರಡು ವರ್ಷದ ಮಗುವಿದ್ದರೆ ಈ ಕೆಲಸವನ್ನು ಅದಕ್ಕೇ ವಹಿಸಿ. ದೊಡ್ಡವರಿಗಿಂತ ನಿಷ್ಠುರವಾಗಿ ಬರೆಯುತ್ತದೆ.

ಸುದ್ದಗುಂಟೆಪಾಳ್ಯದಂಥ ಕಡೆ ಒಂದು ಕೆಳಮನೆ ಇದೆ ಎಂದಿಟ್ಟುಕೊಳ್ಳಿ. ಮೂರು ಕಡೆಯೂ ಗೋಡೆ ಮುಚ್ಚಿದೆ. ಬೆಳಕು ಬರುವುದು ಬಾಗಿಲಿನಿಂದ ಮಾತ್ರ. ಅಡಿಗೆಮನೆಯ ದೀಪವೂ ನಡುಮನೆಯ ದೀಪವೂ ದಿನಕ್ಕೆ 14 ಗಂಟೆ ಉರಿಯುತ್ತವೆ. ಒಳಕೋಣೆಯದು 5 ಗಂಟೆ, ಬಚ್ಚಲುಮನೆಯದು 2 ಗಂಟೆ, ಮೆಟ್ಟಿಲ ಮೇಲಿನದು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ 12 ಗಂಟೆ. ಅಡಿಗೆಮನೆಗೆ, ಬಚ್ಚಲಿಗೆ, ಮೆಟ್ಟಿಲಿಗೆ 60 ವಾಟಿನ ಹಳೆಯ ಬಲ್ಬು, ನಡುಮನೆಗೂ ಕೋಣೆಗೂ ಚೋಕು ಸೇರಿ 55 ವಾಟಿನ ಟ್ಯೂಬ್‌ಲೈಟು ಇದ್ದ ಕಾಲದಲ್ಲಿ 30 ದಿನಗಳ ಲೆಕ್ಕ ಹೀಗಿರುತ್ತಿತ್ತು: ಅಡಿಗೆಮನೆ 25.2 ಯೂನಿಟ್ಟು, ನಡುಮನೆ 23.1, ಕೋಣೆ 8.25, ಬಚ್ಚಲು 3.6, ಮೆಟ್ಟಿಲು 21.6. ಒಟ್ಟು ಹೆಚ್ಚುಕಡಮೆ 82 ಯೂನಿಟ್ಟು. ಅದೇ ಮನೆಗೆ 9 ವಾಟಿನ ಬಲ್ಬುಗಳನ್ನೂ 20 ವಾಟಿನ ಎಲ್.ಇ.ಡಿ. ಪಟ್ಟಿಗಳನ್ನೂ ಹಾಕಿ, ಗಂಟೆಗಳನ್ನು ಒಂದಿಷ್ಟೂ ಕಡಮೆ ಮಾಡದೆ ಲೆಕ್ಕ ಹಾಕಿದರೆ ಅಡಿಗೆಮನೆ 3.78, ನಡುಮನೆ 8.4, ಕೋಣೆ 3, ಬಚ್ಚಲು 0.54, ಮೆಟ್ಟಿಲು 3.24. ಒಟ್ಟು 19 ಯೂನಿಟ್ಟು.

ಈ ಹತ್ತೊಂಬತ್ತು ಎಂಬ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಬಡವರ ಗುಡಿಸಲುಗಳಿಗೆ ಒಂದೇ ದೀಪದ ಸಂಪರ್ಕ ಕೊಡುವ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಹುಕಾಲ ತಿಂಗಳಿಗೆ 18 ಯೂನಿಟ್ಟು ಉಚಿತವಾಗಿತ್ತು. 40 ವಾಟಿನ ಒಂದು ಬಲ್ಬನ್ನು ದಿನಕ್ಕೆ 15 ಗಂಟೆ ಉರಿಸಿದರೆ ಸರಿಯಾಗಿ 18 ಯೂನಿಟ್ಟು ಆಗುತ್ತದೆ. ಒಂದು ಕಾಲಕ್ಕೆ ಒಂದು ಮಂಕು ಬಲ್ಬಿಗೆ ಸಾಕಾಗುತ್ತಿದ್ದಷ್ಟರಲ್ಲಿಯೇ ಈಗ ಐದು ದೀಪಗಳ ಒಂದು ಮನೆ, ಅದೂ ಹಗಲೂ ಕತ್ತಲೆಯಿರುವ ಮನೆ, ತಿಂಗಳು ಪೂರ್ತಿ ಬೆಳಗುತ್ತದೆ.

ಇದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿಯನ್ನೂ ನೋಡಿ. ಮನೆಯಲ್ಲಿ ಅತಿ ಹೆಚ್ಚು ಬೈಗುಳ ಕೇಳುವ ದೀಪ ಬಚ್ಚಲುಮನೆಯದು. "ಹಾಕಿ ಹಾಗೆಯೇ ಬಂದೆಯಲ್ಲ!" ಎನ್ನುವ ಮಾತು ಯಾವ ಮನೆಯಲ್ಲಿ ಕೇಳುವುದಿಲ್ಲ? ಆದರೆ ತಿಂಗಳಿಗೆ ಅದು ತಿನ್ನುವುದು ಅರ್ಧ ಯೂನಿಟ್ಟು. ಯಾರ ಗಮನಕ್ಕೂ ಬಾರದೆ ಮೆಟ್ಟಿಲ ಮೇಲೆ ರಾತ್ರಿಯಿಡೀ ಉರಿಯುವ ಅಷ್ಟೇ ವಾಟಿನ ದೀಪ ಅದರ ಆರರಷ್ಟು ತಿನ್ನುತ್ತದೆ. ಹನಿಗೂಡಿದರೆ ಹಳ್ಳ ಎನ್ನುವುದು ಇಲ್ಲಿ ಗಂಟೆಯ ವಿಷಯದಲ್ಲಿ ನಿಜ. ಹಳೆಯ ಬಲ್ಬುಗಳನ್ನು ಬದಲಾಯಿಸಲು ಈ ತಿಂಗಳು ಒಂದಕ್ಕೆ ಮಾತ್ರ ಹಣವಿದ್ದರೆ, ಹೆಚ್ಚು ವಾಟಿನದನ್ನು ಹುಡುಕಬೇಡಿ, ಹೆಚ್ಚು ಹೊತ್ತು ಉರಿಯುವುದನ್ನು ಹುಡುಕಿ. ವರ್ಷಕ್ಕೆ ಎರಡು ಸಲ ಬಾಗಿಲು ತೆರೆಯುವ ಅಟ್ಟದ ಕೋಣೆಯಲ್ಲಿ ಹಳೆಯ ಬಲ್ಬು ಇದ್ದರೆ ಅದು ಸುಟ್ಟುಹೋಗುವವರೆಗೂ ಇರಲಿ, ಏನೂ ನಷ್ಟವಿಲ್ಲ.

ಹಳೆಯ ಕಾಲದ ಮನೆಗಳಲ್ಲಿ ಮಾಡಿಗೆ ಬೆಳಕಿಂಡಿ ಇಡುತ್ತಿದ್ದರು. ಈಗ ಒಂದರ ಮೇಲೊಂದು ಮನೆ ಬಂದಮೇಲೆ ಬೆಳಕಿಂಡಿಗೆ ಜಾಗವಿಲ್ಲ. ನಮ್ಮ ಕೆಳಮನೆಗೆ ಹೇಗಾದರೂ ಹಗಲಿನ ಬೆಳಕು ಬಂದು ಎರಡು ದೀಪಗಳು ಎಂಟೆಂಟು ಗಂಟೆ ಆರಿದ್ದರೆ ತಿಂಗಳಿಗೆ ಉಳಿಯುವುದು 7 ಯೂನಿಟ್ಟು. ದೊಡ್ಡ ಮೊತ್ತವೇನೂ ಅಲ್ಲ. ಹಗಲಿನ ಬೆಳಕು ಬೇಕಾದದ್ದು ಕಣ್ಣಿಗಾಗಿ, ಮನಸ್ಸಿಗಾಗಿ. ಬಿಲ್ಲಿಗಾಗಿ ಅದನ್ನು ಹೊಗಳುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ದರ. ಇದನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ವಸೂಲು ಮಾಡುವುದು ಬೆಸ್ಕಾಂ. 2023ರಲ್ಲಿ ಮನೆಗಳಿಗೆ ಇದ್ದ ಕ್ರಮ ಸ್ವಾರಸ್ಯವಾಗಿತ್ತು: ತಿಂಗಳಿಗೆ 100 ಯೂನಿಟ್ಟಿನವರೆಗೆ 4 ರೂಪಾಯಿ 75 ಪೈಸೆ, 100 ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. 100 ಯೂನಿಟ್ಟು ಬಳಸಿದವರಿಗೆ 475 ರೂಪಾಯಿ ಆದರೆ, 101 ಬಳಸಿದವರಿಗೆ 707. 2024ರ ಏಪ್ರಿಲ್‌ನಿಂದ ಈ ಮೆಟ್ಟಿಲನ್ನು ತೆಗೆದು, ಎಲ್ಲ ಯೂನಿಟ್ಟಿಗೂ 5 ರೂಪಾಯಿ 90 ಪೈಸೆ ಮಾಡಿದರು. 2025ರ ಏಪ್ರಿಲ್‌ನಿಂದ ಅದು 5 ರೂಪಾಯಿ 80 ಪೈಸೆಯಾಯಿತು. ಆದರೆ ಯೂನಿಟ್ಟಿಗೆ ಹತ್ತು ಪೈಸೆ ಇಳಿಯಿತೆಂದು ಹಿಗ್ಗುವ ಮೊದಲು ಚೀಟಿಯ ಕೆಳಗಿನ ಸಾಲುಗಳನ್ನೂ ಓದಬೇಕು. ಆ ವರ್ಷ ನೌಕರರ ಪಿಂಚಣಿಯ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ವಿದ್ಯುತ್ತಿನ ಹಣದ ಮೇಲೆ ನೂರಕ್ಕೆ 9ರಂತೆ ತೆರಿಗೆ ಇದೆ. ಎಲ್ಲ ಕೂಡಿದರೆ ಯೂನಿಟ್ಟೊಂದಕ್ಕೆ 6 ರೂಪಾಯಿ 68 ಪೈಸೆಯಾಯಿತು. ಇಂಧನದ ಬೆಲೆಗೆ ತಕ್ಕಂತೆ ಏರಿಳಿಯುವ ಹೊಂದಾಣಿಕೆಯ ಹಣ ಇದರ ಮೇಲೆ.

ಇದಲ್ಲದೆ ನಿಗದಿ ಶುಲ್ಕವೆಂಬುದೊಂದಿದೆ. ಮನೆಗೆ ಮಂಜೂರಾದ ಪ್ರತಿ ಕಿಲೋವಾಟಿಗೆ ಇಷ್ಟೆಂದು, 2024ರಲ್ಲಿ 120 ರೂಪಾಯಿ, 2025ರಲ್ಲಿ 145 ರೂಪಾಯಿ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದು ತಪ್ಪುವುದಿಲ್ಲ. ಹಾಗಾಗಿ ದೀಪದ ಲೆಕ್ಕದಲ್ಲಿ ಇದನ್ನು ಸೇರಿಸಬಾರದು. ಬಿಲ್ಲಿನ ಒಟ್ಟು ಹಣವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ "ಯೂನಿಟ್ಟಿಗೆ ಒಂಬತ್ತು ರೂಪಾಯಿ ಬೀಳುತ್ತಿದೆ" ಎನ್ನುವವರು ಇಲ್ಲಿಯೇ ಎಡವುವುದು. ನಿಗದಿ ಶುಲ್ಕ ಬಿಟ್ಟು ಉಳಿದ ಹಣವನ್ನು ಯೂನಿಟ್ಟಿನಿಂದ ಭಾಗಿಸಿದರೆ ನಿಮ್ಮ ನಿಜವಾದ ದರ ಸಿಗುತ್ತದೆ. ಈ ಲೇಖನದ ಮಟ್ಟಿಗೆ ಸುಲಭಕ್ಕಾಗಿ 7 ರೂಪಾಯಿ ಎಂದು ಹಿಡಿಯುತ್ತೇನೆ. ನಿಮ್ಮ ಚೀಟಿಯಲ್ಲಿ ಬಂದದ್ದನ್ನು ಅದರ ಜಾಗದಲ್ಲಿಟ್ಟುಕೊಳ್ಳಿ. ನಮ್ಮ ಕೆಳಮನೆಯ ದೀಪಗಳಿಗೆ ಈಗ ತಿಂಗಳಿಗೆ 133 ರೂಪಾಯಿ. ಹಳೆಯ ಬಲ್ಬುಗಳೇ ಇದ್ದಿದ್ದರೆ 572 ರೂಪಾಯಿ.

"ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರುವುದಿಲ್ಲ, ಈ ಲೆಕ್ಕ ನಮಗೇಕೆ?" ಎಂದು ಅನೇಕರು ಕೇಳಬಹುದು. ನಿಜವಾಗಿ ಈ ಲೆಕ್ಕ ಬೇಕಾದದ್ದು ಅವರಿಗೇ.

2023ರ ಜುಲೈಯಿಂದ ಬಂದ ಈ ಯೋಜನೆಯನ್ನು "200 ಯೂನಿಟ್ಟು ಉಚಿತ" ಎಂದು ಎಲ್ಲರೂ ಚಿಕ್ಕದಾಗಿ ಹೇಳುತ್ತಾರೆ. ನಿಯಮ ಅಷ್ಟು ಚಿಕ್ಕದಲ್ಲ. 2022-23ನೆಯ ಸಾಲಿನಲ್ಲಿ ನಿಮ್ಮ ಮನೆ ಸರಾಸರಿ ತಿಂಗಳಿಗೆ ಎಷ್ಟು ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ, ಅಷ್ಟು ಉಚಿತ. ತೀರ ಕಡಮೆ, ಎಂದರೆ 48 ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ನೂರಕ್ಕೆ ಹತ್ತರ ಬದಲು 10 ಯೂನಿಟ್ಟು ಸೇರಿಸಬೇಕೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ನಿಮ್ಮ ಪಾಲನ್ನು ಮೀರಿ, 200ರ ಒಳಗೆ ಇದ್ದರೆ ಮೀರಿದಷ್ಟಕ್ಕೆ ಹಣ. 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ.

ಸರಾಸರಿ 150 ಯೂನಿಟ್ಟು ಬಳಸುತ್ತಿದ್ದ ಮನೆಯನ್ನು ತೆಗೆದುಕೊಳ್ಳಿ. ಅವರ ಉಚಿತ ಪಾಲು 165. ಯಾವುದೋ ತಿಂಗಳು, ಬೇಸಗೆಯಲ್ಲಿ ಎನ್ನಿ, ಅವರು 200 ಯೂನಿಟ್ಟು ಬಳಸಿದರೆ ಕೊಡಬೇಕಾದದ್ದು 35 ಯೂನಿಟ್ಟಿನ ಹಣ: 245 ರೂಪಾಯಿ. 201 ಬಳಸಿದರೆ? 201ಕ್ಕೂ ಹಣ: 1,407 ರೂಪಾಯಿ, ಮೇಲೆ ನಿಗದಿ ಶುಲ್ಕ. ಆ ಕೊನೆಯ ಒಂದೇ ಒಂದು ಯೂನಿಟ್ಟಿನ ಬೆಲೆ 1,162 ರೂಪಾಯಿಗೂ ಮೇಲಾಯಿತು! ಮೊದಲ 165 ಯೂನಿಟ್ಟಿಗೆ ಬೆಲೆ ಸೊನ್ನೆ, ಮುಂದಿನ 35ಕ್ಕೆ ಏಳೇಳು ರೂಪಾಯಿ, ಇನ್ನೂರ ಒಂದನೆಯದಕ್ಕೆ ಸಾವಿರದ ಮೇಲೆ. ಒಂದೇ ದೀಪ, ಅದೇ ಬೆಳಕು. ಆದರೆ ಅದು ಎಷ್ಟನೆಯ ಯೂನಿಟ್ಟನ್ನು ಉರಿಸುತ್ತಿದೆ ಎಂಬುದರ ಮೇಲೆ ಅದರ ಖರ್ಚು ಬದಲಾಗುತ್ತದೆ. ಮೀಟರು ಓದುವ ದಿನ ಗೊತ್ತಿರುತ್ತದೆ. ಅದಕ್ಕೆ ಹತ್ತು ದಿನ ಮೊದಲು ಒಮ್ಮೆ ಮೀಟರಿನ ಅಂಕಿಯನ್ನು ನೋಡಿ, ಹಿಂದಿನ ಚೀಟಿಯ ಅಂಕಿಯನ್ನು ಕಳೆದರೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ಇಪ್ಪತ್ತು ದಿನಕ್ಕೆ 140 ಆಗಿದ್ದರೆ ತಿಂಗಳಿಗೆ 210 ಆಗುವ ದಾರಿಯಲ್ಲಿದ್ದೀರಿ. ಉಳಿದ ಹತ್ತು ದಿನ ದಿನಕ್ಕೊಂದು ಯೂನಿಟ್ಟು ಹಿಡಿದರೆ ಸಾಕು. ಅದು ದೀಪದಿಂದಲೇ ಆಗಬೇಕೆಂದಿಲ್ಲ. 2,000 ವಾಟಿನ ಗೀಸರನ್ನು ಅರ್ಧ ಗಂಟೆ ಕಡಮೆ ಮಾಡಿದರೂ ಒಂದು ಯೂನಿಟ್ಟೇ.

ಒಂದೇ ಮೀಟರಿನ ಕೆಳಗೆ ಎರಡು ಮೂರು ಸಂಸಾರಗಳಿರುವ ಮನೆಗಳಲ್ಲಿ ಈ ಇನ್ನೂರರ ಗೆರೆ ಇನ್ನೂ ಕಠಿಣ. ಯೋಜನೆ ನೋಡುವುದು ಬೆಸ್ಕಾಂ ಮೀಟರನ್ನು. ಮನೆಯ ಮಾಲೀಕರು ಒಳಗಡೆ ಹಾಕಿಸಿದ ಉಪಮೀಟರುಗಳನ್ನಲ್ಲ. ಮೂರು ಸಂಸಾರಗಳು ಎಂಬತ್ತೆಂಬತ್ತು ಯೂನಿಟ್ಟು ಬಳಸಿದರೆ ಮೂವರೂ ಮಿತವ್ಯಯಿಗಳೇ. ಆದರೆ ಮೀಟರು ತೋರಿಸುವುದು 240. ಪೂರ್ತಿ ಬಿಲ್ಲು. ಇಂಥ ಮನೆಯಲ್ಲಿ ಒಬ್ಬರು ದೀಪ ಬದಲಾಯಿಸಿಕೊಂಡರೆ ಪ್ರಯೋಜನವಿಲ್ಲ. ಮೂವರೂ ಕೂಡಿ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು 240ನ್ನು 195ಕ್ಕೆ ಇಳಿಸಿದರೆ ಮಾತ್ರ ಎಲ್ಲರಿಗೂ ಲಾಭ. ಬಾಡಿಗೆಗೆ ಹೋಗುವ ಮೊದಲು ನೀರು ಬರುತ್ತದೆಯೇ ಎಂದು ಕೇಳುವಂತೆ, ಮೀಟರು ಬೇರೆಯೇ ಎಂದೂ ಕೇಳಬೇಕು.

ಅಂಗಡಿಯವರಿಗೆ ಗೃಹಜ್ಯೋತಿ ಇಲ್ಲ. ಅವರ ದರವೂ ಮನೆಯ ದರಕ್ಕಿಂತ ಹೆಚ್ಚು. ಅವರ ಲೆಕ್ಕ ನೇರ. ನಾಲ್ಕು ಹಳೆಯ ಟ್ಯೂಬ್‌ಲೈಟಿನ ಒಂದು ಹೊಲಿಗೆ ಅಂಗಡಿ, ದಿನಕ್ಕೆ 12 ಗಂಟೆ, ತಿಂಗಳಿಗೆ 26 ದಿನ. ಅಲ್ಲಿಯ ಕೊಳವೆಗಳು ಸ್ವಲ್ಪ ಹೊಸ ಬಗೆಯವಾಗಿ ಚೋಕು ಸೇರಿ ತಲಾ 50 ವಾಟು ಎಂದಿಟ್ಟುಕೊಂಡರೂ 62 ಯೂನಿಟ್ಟು ಮೀರುತ್ತದೆ. ಯೂನಿಟ್ಟಿಗೆ 9 ರೂಪಾಯಿಯಂತೆ 560 ರೂಪಾಯಿ. 20 ವಾಟಿನ ಪಟ್ಟಿ ಹಾಕಿದರೆ 25 ಯೂನಿಟ್ಟು, 225 ರೂಪಾಯಿ. ಪಟ್ಟಿಯೊಂದಕ್ಕೆ 250 ರೂಪಾಯಿ ಬಿದ್ದರೆ ಹಾಕಿದ ಸಾವಿರ ರೂಪಾಯಿ ಮೂರು ತಿಂಗಳಲ್ಲಿ ಕೈಗೆ ಹಿಂದಿರುಗುತ್ತದೆ. ಒಂದು ಮಾತು ಮಾತ್ರ: ಹೊಲಿಯುವವರ, ಗಡಿಯಾರ ರಿಪೇರಿ ಮಾಡುವವರ ಮೇಜಿನ ಮೇಲಿನ ದೀಪದಲ್ಲಿ ಜಿಪುಣತನ ಸಲ್ಲದು. ಸೂಜಿಯ ಕಣ್ಣು ಕಾಣದೆ ಒಂದು ರವಿಕೆ ಕೆಟ್ಟರೆ ವರ್ಷದ ದೀಪದ ಉಳಿತಾಯ ಅಲ್ಲಿಗೆ ಹೋಯಿತು. ಅದರ ಬದಲು ರಾತ್ರಿ ಬಾಗಿಲೆಳೆದ ಮೇಲೂ ಉರಿಯುವ ನಾಮಫಲಕದ ದೀಪಕ್ಕೆ ಹೊತ್ತು ನೋಡಿ ಆರುವ ಸ್ವಿಚ್ಚು ಹಾಕಿಸಬಹುದು.

ಇಷ್ಟೆಲ್ಲ ಕಾಗದದ ಮೇಲಿನ ಲೆಕ್ಕ. ಇದು ನಿಜವೇ ಎಂದು ಮೀಟರನ್ನೇ ಕೇಳಬಹುದು. ಹಿಂದಿನ ಮೀಟರುಗಳಲ್ಲಿ ಒಂದು ಅಲ್ಯುಮಿನಿಯಮ್ ಚಕ್ರ ತಿರುಗುತ್ತಿತ್ತು. ಈಗಿನವುಗಳಲ್ಲಿ ಒಂದು ಕೆಂಪು ಚುಕ್ಕೆ ಮಿನುಗುತ್ತದೆ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ ಇರುತ್ತದೆ. 3,200 ಎಂಬುದು ಸಾಮಾನ್ಯ. ಹಾಗಿದ್ದರೆ 1,125 ಎಂಬ ಅಂಕಿಯನ್ನು ನೆನಪಿಡಿ (1,600 ಎಂದಿದ್ದರೆ 2,250). ಇದನ್ನು ವಾಟಿನಿಂದ ಭಾಗಿಸಿದರೆ ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂಬುದು ಬರುತ್ತದೆ. ಮನೆಯ ಎಲ್ಲವನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಒಂದು 9 ವಾಟಿನ ಬಲ್ಬನ್ನು ಮಾತ್ರ ಹಾಕಿ ನೋಡಿ. ಮಿನುಗಿನಿಂದ ಮಿನುಗಿಗೆ 125 ಸೆಕೆಂಡು, ಎರಡು ನಿಮಿಷಕ್ಕೂ ಮೇಲೆ ಕಾಯಬೇಕು. ಅದನ್ನಾರಿಸಿ ಹಳೆಯ ಟ್ಯೂಬ್‌ಲೈಟು ಹಾಕಿದರೆ ಇಪ್ಪತ್ತು ಸೆಕೆಂಡಿಗೊಮ್ಮೆ. ಇಪ್ಪತ್ತೆಂಟು ಸೆಕೆಂಡು ಆಗಬೇಕಿತ್ತಲ್ಲ, ಕೊಳವೆಯ ಮೇಲೆ 40 ಎಂದಿದೆಯಲ್ಲ ಎಂದರೆ, ಕಾಣದ ಚೋಕು ಸಿಕ್ಕಿಬಿದ್ದಂತಾಯಿತು. ಗೀಸರು ಹಾಕಿದರೆ ಎಣಿಸಲಾಗದಷ್ಟು ಬೇಗ, ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ. ಹಾಲು ಕಾಯಿಸುವಷ್ಟು ಹೊತ್ತಿನಲ್ಲಿ ಮುಗಿಯುವ ಈ ಪರೀಕ್ಷೆ ಮನೆಯವರಿಗೆ ಕಲಿಸುವಷ್ಟನ್ನು ನನ್ನ ಈ ಇಡೀ ಲೇಖನ ಕಲಿಸಲಾರದು. ಮಕ್ಕಳಿಗೆ ತೋರಿಸುವಾಗ ದೂರದಿಂದ ತೋರಿಸಿ. ಮೀಟರಿನ ತಂತಿಗಳ ಬಳಿ ಕೈ ಹೋಗಬಾರದು.

ರೇಡಿಯೋ ಇಟ್ಟವರು ತಮ್ಮ ರೇಡಿಯೋವನ್ನೂ ಹೀಗೆಯೇ ಪರೀಕ್ಷಿಸಬಹುದು. ವಾಲ್ವಿನ ಹಳೆಯ ಸೆಟ್ಟು ಯಾರ ಮನೆಯಲ್ಲಾದರೂ ಇನ್ನೂ ಹಾಡುತ್ತಿದ್ದರೆ ಅದು 40-50 ವಾಟು, ಒಂದು ಟ್ಯೂಬ್‌ಲೈಟಿನಷ್ಟು ತಿನ್ನುತ್ತದೆ. ಟ್ರಾನ್ಸಿಸ್ಟರಿನದು ಕೆಲವೇ ವಾಟು. ಮಿನುಗಿಗಾಗಿ ಕಾದು ಕಾದು ವಾರ್ತೆಯೇ ಮುಗಿದುಹೋಗುತ್ತದೆ.

ಎಲ್ಲವನ್ನೂ ಆರಿಸಿದ ಮೇಲೂ ಕೆಂಪು ಚುಕ್ಕೆ ಮಿನುಗುತ್ತಲೇ ಇದ್ದರೆ? ಟಿ.ವಿ. ಪೆಟ್ಟಿಗೆಯೋ ಚಾರ್ಜರೋ ಗೋಡೆಯಲ್ಲಿ ಸಿಕ್ಕಿಕೊಂಡಿರಬಹುದು. ಅವನ್ನು ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ಮೆಟ್ಟಿಲ ದೀಪವೋ ನೀರಿನ ಪಂಪೋ ನಿಮ್ಮ ಮೀಟರಿಗೆ ಸೇರಿರಬಹುದು. ಬಾಡಿಗೆ ಮನೆಗಳಲ್ಲಿ ಇದು ಅಪರೂಪವಲ್ಲ, ಮತ್ತು ಹೆಚ್ಚಿನ ಪಾಲು ದುರುದ್ದೇಶದಿಂದ ಆದದ್ದೂ ಅಲ್ಲ. ಮನೆ ಕಟ್ಟುವಾಗ ತಂತಿ ಎಳೆದವರಿಗೆ ಹತ್ತಿರವಾದ ಮೀಟರು ಅದಾಗಿರುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ನೋಡಿಸಿದರೆ ಗೊತ್ತಾಗುತ್ತದೆ. ಮಾಲೀಕರೊಡನೆ ಮಾತಾಡುವಾಗ ಕೈಯಲ್ಲಿ ಅಂಕಿಯಿದ್ದರೆ ಮಾತು ಜಗಳಕ್ಕೆ ತಿರುಗುವುದಿಲ್ಲ. ಮೆಟ್ಟಿಲ ಮೇಲೆ ರಾತ್ರಿಯೆಲ್ಲ ಉರಿಯುವ 9 ವಾಟಿನ ದೀಪಕ್ಕೆ ತಿಂಗಳಿಗೆ 3.24 ಯೂನಿಟ್ಟು, 23 ರೂಪಾಯಿ. ನಾಲ್ಕು ಮನೆಯವರು ಹಂಚಿಕೊಂಡರೆ ತಲಾ ಆರು ರೂಪಾಯಿಗೂ ಕಡಮೆ. ಅದೇ ಜಾಗದಲ್ಲಿ ಹಳೆಯ ಟ್ಯೂಬ್‌ಲೈಟಿದ್ದರೆ 20 ಯೂನಿಟ್ಟು, 139 ರೂಪಾಯಿ, ತಲಾ 35. ಪಂಪಿನ ಲೆಕ್ಕ ಬೇರೆ. ಅದಕ್ಕೆ ವಾಟಿನ ಬದಲು ಅಶ್ವಶಕ್ತಿ ಬರೆದಿರುತ್ತದೆ. ಒಂದು ಅಶ್ವಶಕ್ತಿಗೆ 746 ವಾಟು, ಮೋಟಾರಿನ ನಷ್ಟ ಸೇರಿಸಿ ಸಾವಿರ ಎಂದು ಹಿಡಿದು, ಎಷ್ಟು ಹೊತ್ತು ಓಡಿತೆಂದು ಬರೆದಿಟ್ಟರೆ ಅದೂ ಇದೇ ಗುಣಾಕಾರ.